ಮೊದಲನೆಯದೋ, ಎರಡನೆಯದೋ

"ಮೊದಲನೆಯದೋ, ಎರಡನೆಯದೋ?"

"ಗಿಟಾರಾ?"

"ಅಕ್ಷರ, ಮೇಡಂ. ಗೋಡೆ ಮೇಲಿರೋ ಅಕ್ಷರ. ತಲೆ ಅಲ್ಲಾಡಿಸ್ಬೇಡಿ."

ಕೆಳಮನೆಯ ವಕೀಲಮ್ಮ ಮೂಗಿನ ಮೇಲೆ ಪರೀಕ್ಷೆಯ ದಪ್ಪ ಚೌಕಟ್ಟು ಹೊತ್ತುಕೊಂಡೇ ತಲೆ ಅಲ್ಲಾಡಿಸಿದರು. "ಅಕ್ಷರ ಎಲ್ಲಿಗೂ ಓಡಿಹೋಗಲ್ಲ. ಹಾಲ್ಬರ್ಗ್ ತಗೊಳ್ತೀರೋ, ವೆಲ್ಡೋರಾ ತಗೊಳ್ತೀರೋ, ಅದು ಹೇಳಿ."

ಕನ್ನಡಕದಂಗಡಿಯ ಒಳಕೋಣೆಯಲ್ಲಿ ಇಡೀ ಬೀದಿಯ ಕಣ್ಣುಗಳಿಗೆ ನಂಬರ್ ಕೊಟ್ಟೂ ಕೊಟ್ಟೂ ನಂಬರ್ ಸಾರ್ ಎಂದೇ ಹೆಸರಾಗಿದ್ದ ಮನುಷ್ಯ ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟರು. ಬೆಳಿಗ್ಗೆ ಹಲ್ಲುಜ್ಜುವಾಗ ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಸಂಜೆ ಗಿಟಾರ್ ತರ್ತೀನಿ. ನಾನೇ ಆರಿಸ್ತೀನಿ." ಅಂಗಡಿ ತೆರೆಯುವ ಹೊತ್ತಿಗೆ ಆ ಮಾತು, ಎರಡು ಕಂಪನಿಗಳ ಹೆಸರಿನ ಸಮೇತ, ಕೆಳಮನೆಗೂ ಇಳಿದಿತ್ತು. ಗಿಟಾರಿನಿಂದ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಆ ಎರಡನೇ ವಾಕ್ಯದಲ್ಲಿತ್ತು.

ಏಕೆಂದರೆ ಆ ಮನೆಯಲ್ಲಿ ಆರಿಸುವ ಕೆಲಸ ಭಾವಮೈದನದ್ದು. ಹೆಲಿಕಾಪ್ಟರ್ ಇಳಿದಂತೆ ತಿರುಗುವ ಫ್ಯಾನು ಅವನ ಆಯ್ಕೆ. ಕೂತವರನ್ನು ಬಾವಿಯಂತೆ ಒಳಗೆಳೆದುಕೊಳ್ಳುವ ಸೋಫಾ ಅವನ ಆಯ್ಕೆ. ನಂಬರ್ ಸಾರ್ ಮದುವೆಗೆ ಹಾಕಿಕೊಂಡಿದ್ದ, ತೋಳು ಬೆರಳು ಮುಚ್ಚುವಷ್ಟು ಉದ್ದವಿದ್ದ ಕೋಟೂ ಅವನದೇ ಆಯ್ಕೆ. ಅವನಿಗೆ ಗೊತ್ತಿಲ್ಲದ ವಸ್ತು ಭೂಮಿಯ ಮೇಲಿರಲಿಲ್ಲ. ಗೊತ್ತಿಲ್ಲದಿದ್ದರೆ ಮಧ್ಯಾಹ್ನದೊಳಗೆ ಗೊತ್ತುಮಾಡಿಕೊಳ್ಳುತ್ತಿದ್ದ.

ಈ ಸಲವೂ ಹಾಗೇ ಆಯಿತು. ಊಟದ ಹೊತ್ತಿಗೆ ಅವನು ಅಂಗಡಿಗೇ ಬಂದು ಗ್ರಾಹಕರ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತ.

"ಭಾವ, ಹಾಲ್ಬರ್ಗ್ ಬಿಟ್ಟು ಬೇರೆ ಯೋಚನೆನೇ ಮಾಡ್ಬೇಡಿ. ಅದರ ಮುಖ ಒಂದೇ ಹಲಗೆ. ವೆಲ್ಡೋರಾ ಏನು, ಪ್ಲೈವುಡ್ಡು. ಪ್ಲೈವುಡ್ ಬಾರಿಸೋ ಆಸೆ ಇದ್ರೆ ಮನೇಲಿ ಮಂಚ ಇದೆಯಲ್ಲ."

"ಆ ಮಂಚನೂ ನೀನೇ ಆರಿಸಿದ್ದು."

"ಅದಕ್ಕೇ ಹೇಳ್ತಿದ್ದೀನಿ, ನನಗೆ ಅನುಭವ ಇದೆ."

"ನಾನೇ ನೋಡಿ, ಕೇಳಿ, ತಗೊಳ್ತೀನಪ್ಪ."

"ನಿಮಗೆ ಗೊತ್ತಾಗಲ್ಲ ಭಾವ," ಎಂದ ಭಾವಮೈದ, ಮಗುವಿನ ಮೂಗು ಒರೆಸುವವನ ಕರುಣೆಯಿಂದ.

ನಿಜ ಹೇಳಬೇಕೆಂದರೆ ನಂಬರ್ ಸಾರ್‌ಗೆ ಗೊತ್ತಾಗುತ್ತಿರಲಿಲ್ಲ. ಗಿಟಾರನ್ನು ಅವರು ಒಮ್ಮೆಯೂ ಮುಟ್ಟಿದವರಲ್ಲ. ಬಾರಿಸಬೇಕೆಂಬ ಆಸೆ ಮಾತ್ರ ಹಳೆಯದು, ಮೀಸೆ ಮೂಡುವ ಕಾಲದ್ದು. ಆದರೆ ಆ ಮೂರು ಪದ ಕಿವಿಗೆ ಬಿದ್ದದ್ದೇ ಆಸೆ ಹಟವಾಯಿತು. ಮನೆಯಲ್ಲಿ ಒಂದೇ ಒಂದು ವಸ್ತು, ಉಪ್ಪಿನ ಡಬ್ಬಿಯಷ್ಟಾದರೂ ಸರಿ, ತಾನು ಆರಿಸಿದ್ದು ಇರಬೇಕು. ಇವತ್ತು ಬಿಟ್ಟರೆ ಇನ್ನಿಲ್ಲ.

ಸಂಜೆ ವಾದ್ಯದಂಗಡಿಗೆ ಅವರೊಬ್ಬರೇ ಹೊರಟರು. ತಲುಪುವ ಹೊತ್ತಿಗೆ ನಾಲ್ವರಾಗಿದ್ದರು. ಹೆಂಡತಿ "ನಾನು ಸುಮ್ನೆ ಬರ್ತೀನಿ ರೀ" ಎಂದು ಜೊತೆಯಾದಳು. ಭಾವಮೈದ ವಾದ್ಯದಂಗಡಿಯ ಬಾಗಿಲಲ್ಲೇ ಕಾದಿದ್ದ. ನ್ಯಾಯಾಲಯದಿಂದ ಬರುತ್ತಿದ್ದ ವಕೀಲಮ್ಮ ಜಗಳದ ವಾಸನೆ ಹಿಡಿದು ಕರಿಕೋಟು ತೋಳಿಗೆ ಹಾಕಿಕೊಂಡು ಒಳಗೇ ಬಂದರು.

ಮಾರಾಟಗಾರ ಎರಡು ಗಿಟಾರು ತಂದು ಮುಂದಿಟ್ಟ. ಎರಡೂ ಜೇನಿನ ಬಣ್ಣ, ಎರಡಕ್ಕೂ ಒಂದೇ ಸೊಂಟ. ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಒಪ್ಪಿಕೋ ಅಂದಂತಾಯಿತು ನಂಬರ್ ಸಾರ್‌ಗೆ.

"ಹಾಲ್ಬರ್ಗ್ ಪ್ಯಾಕ್ ಮಾಡಿ," ಎಂದ ಭಾವಮೈದ.

"ಆಕ್ಷೇಪಣೆ," ಎಂದರು ವಕೀಲಮ್ಮ. "ಕೊಳ್ಳೋರು ಯಾರು? ಹೆಸರು ನೋಡಿ ಕೊಳ್ಳೋದಾದ್ರೆ ಕಿವಿ ಯಾಕೆ? ಕಣ್ಣು ಮುಚ್ಚಿ, ಕೇಳಿ ಹೇಳಲಿ. ಅದೇ ಸಾಕ್ಷಿ."

ಬೇಡ ಅನ್ನುವಷ್ಟರಲ್ಲಿ ಕರಿಕೋಟು ನಂಬರ್ ಸಾರ್ ತಲೆಯ ಮೇಲೆ ಬಿದ್ದಿತ್ತು. ಒಳಗೆ ಕತ್ತಲೆ, ಹಳೇ ಕಡತಗಳ ವಾಸನೆ. ಹೊರಗೆ ಮಾರಾಟಗಾರನ ದನಿ:

"ಇದು ಮೊದಲನೆಯದು ಸಾರ್." ಝಂಯ್. "ಇದು ಎರಡನೆಯದು." ಝಂಯ್. "ಯಾವುದು?"

ಇಷ್ಟು ವರ್ಷ ತಮ್ಮೆದುರು ಕೂತು ಬೆವರಿದವರ ಸಂಕಟ ಸಾರ್‌ಗೆ ಆ ಕ್ಷಣ ಅರ್ಥವಾಯಿತು. ಎರಡೂ ಒಂದೇ ಥರ ಕೇಳಿಸಿತ್ತು. ಇನ್ನೊಂದು ಸಲ ಬಾರಿಸಲು ಹೇಳಿ ಉಸಿರು ಬಿಗಿಹಿಡಿದರು.

ಆಗ ಕೇಳಿಸಿತು. ಗಿಟಾರಲ್ಲ. ಎರಡನೆಯ ಝಂಯ್ ಮುಗಿಯುವ ಮೊದಲೇ ಯಾರದೋ ಮೂಗಿನಿಂದ ಹೊರಟ ಸಣ್ಣ "ಹ್ಮ್ಮ್". ತಾನು ಆರಿಸಿದ ಸೋಫಾದಲ್ಲಿ ಮುಳುಗುವಾಗ, ತಾನು ಆರಿಸಿದ ಫ್ಯಾನಿನ ಕೆಳಗೆ ಮಲಗುವಾಗ ಭಾವಮೈದ ತೆಗೆಯುವ ಅದೇ ತೃಪ್ತಿಯ ಸದ್ದು.

"ಮೊದಲನೆಯದು," ಎಂದರು ನಂಬರ್ ಸಾರ್, ಕೋಟಿನೊಳಗಿಂದ. "ಅದರ ನಾದ ಎದೆಯಿಂದ ಬರ್ತಿದೆ. ಎರಡನೆಯದು ಬರೀ ಮೂಗಿಂದ."

"ವೆಲ್ಡೋರಾ," ಎಂದ ಮಾರಾಟಗಾರ.

"ಅದೃಷ್ಟ," ಎಂದ ಭಾವಮೈದ. "ಅದಲು ಬದಲು ಮಾಡಿ ಬಾರಿಸಿ."

ಬಾರಿಸಿದ. ಈ ಸಲ ಹ್ಮ್ಮ್ ಮೊದಲ ಝಂಯ್‌ಗೇ ಬಂತು. "ಎರಡನೆಯದು," ಎಂದರು ಸಾರ್. ವೆಲ್ಡೋರಾ. ಪಿಯಾನೊ ನೋಡುತ್ತಿದ್ದ ದಂಪತಿ ಪಿಯಾನೊ ಬಿಟ್ಟು ಇತ್ತ ಬಂದರು. ಕ್ಯಾಶಿಯರ್ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿಕೊಂಡು ಬಂದ. ಮತ್ತೊಮ್ಮೆ ಝಂಯ್, ಮತ್ತೊಮ್ಮೆ ಝಂಯ್. ಕೋಟಿನೊಳಗೆ ಸಾರ್ ಕಾದರು. ಮೂಗಿನ ಸದ್ದೇ ಇಲ್ಲ. ಮೊದಲನೆಯದಕ್ಕೂ ಇಲ್ಲ, ಎರಡನೆಯದಕ್ಕೂ ಇಲ್ಲ. ಒಂದು ಗಳಿಗೆ ಅವರ ಬೆನ್ನಿನಲ್ಲಿ ಬೆವರಿಳಿಯಿತು. ಆಮೇಲೆ ನಗು ಬಂತು. ಸುಳ್ಳು ಹೇಳುವ ಗ್ರಾಹಕರನ್ನು ಹಿಡಿಯಲು ಒಂದೇ ಗಾಜನ್ನು ಎರಡು ಸಲ ತೋರಿಸುವುದು ಅವರ ಕಸುಬಿನದೇ ಮಸಲತ್ತು.

"ಎರಡೂ ಒಂದೇ," ಎಂದರು. "ಎರಡು ಸಲವೂ ವೆಲ್ಡೋರಾನೇ ಬಾರಿಸಿದ್ರಿ."

ಮಾರಾಟಗಾರ ಎದ್ದು ನಿಂತ. "ಸಾರ್, ಇಂಥ ಕಿವಿ ನಾನು ನೋಡಿಲ್ಲ."

ವಕೀಲಮ್ಮ ಕೋಟನ್ನು ಎತ್ತಿದರು, ಪ್ರತಿಮೆಯ ಮೇಲಿನ ಪರದೆ ಸರಿಸಿದಂತೆ. ಪಿಯಾನೊ ದಂಪತಿ ಚಪ್ಪಾಳೆ ತಟ್ಟಿದರು. ಹೆಂಡತಿ ನೋಡುತ್ತಿದ್ದ ರೀತಿ ನೋಡಿ ನಂಬರ್ ಸಾರ್ ತಮ್ಮ ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ತಿರುಗಿ ನೋಡಿದರು. ಯಾರೂ ಇರಲಿಲ್ಲ.

"ನೋಡಪ್ಪ," ಎಂದರು ಭಾವಮೈದನಿಗೆ, ತಣ್ಣಗೆ. "ಕೆಲವರಿಗೆ ಗೊತ್ತಾಗುತ್ತೆ."

ಭಾವಮೈದ ತನ್ನ ಬೂಟಿನ ತುದಿಯನ್ನು ನೋಡಿಕೊಂಡ. ಬಿಲ್ ಆಯಿತು, ವೆಲ್ಡೋರಾಕ್ಕೆ ಹೊಸ ಚೀಲ ಬಂತು. ಮಾರಾಟಗಾರ ಫೋನ್ ತೆಗೆದ.

"ಅಂಗಡಿ ಗೋಡೆಗೆ ನಿಮ್ಮದೊಂದು ಫೋಟೊ ಬೇಕು ಸಾರ್. ತೊಡೆ ಮೇಲಿಟ್ಕೊಂಡು ಬಾರಿಸೋ ಥರ ಕೂತ್ಕೊಳ್ಳಿ."

ನಂಬರ್ ಸಾರ್ ಸ್ಟೂಲಿನ ಮೇಲೆ ರಾಜನಂತೆ ಕೂತು, ಜೀವನದಲ್ಲಿ ಮೊದಲ ಸಲ ಗಿಟಾರನ್ನು ಅಪ್ಪಿಕೊಂಡರು.

ಮಾರಾಟಗಾರ ಫೋನ್ ಇಳಿಸಿದ. "ಸಾರ್, ಉಲ್ಟಾ. ತಿರುಗಿಸಿ."

ಸಾರ್ ಸ್ಟೂಲಿನ ಮೇಲೇ ಗೋಡೆಯತ್ತ ತಿರುಗಿ ಕೂತರು.

"ನೀವಲ್ಲ ಸಾರ್, ಗಿಟಾರ್. ಅದರ ಕತ್ತು ಎಡಗಡೆ ಬರಬೇಕು. ಬಲಗೈಯಲ್ಲಿ ಬಾರಿಸ್ಬೇಕು."

"ಬಲಗೈಯಲ್ಲಾ? ಯಾರು ಬಾರಿಸ್ತಾರೆ?"

"ಅಯ್ಯೋ, ಇವರು ಎಡಚರು ಕಣ್ರೀ," ಎಂದಳು ಹೆಂಡತಿ. ಅಷ್ಟು ಜನರಲ್ಲಿ, ಅಷ್ಟು ಹೊತ್ತಿನ ವಾದದಲ್ಲಿ, ಯಾವ ಕೈ ಎಂದು ಒಬ್ಬರೂ ಕೇಳಿರಲಿಲ್ಲ. ಕೈಯ ಒಡೆಯರಿಗೂ ಹೊಳೆದಿರಲಿಲ್ಲ.

"ತಂತಿಗಳನ್ನ ಅದಲು ಬದಲು ಕಟ್ಟಿಸಿದ್ರೆ?" ವಕೀಲಮ್ಮ ಮೇಲ್ಮನವಿ ಸಲ್ಲಿಸಿದರು.

"ಕಟ್ಟಬಹುದು ಮೇಡಂ, ಶ್ರುತಿ ನಿಲ್ಲಲ್ಲ. ಎಡಗೈಯವರದ್ದೇ ಬೇರೆ ಬರುತ್ತೆ." ಮಾರಾಟಗಾರ ಒಳಗೆ ಹೋಗಿ ಜೇನಿನ ಬಣ್ಣದ ಇನ್ನೊಂದು ಗಿಟಾರು ಹಿಡಿದು ಬಂದ. ಮುಖ ಸಪ್ಪಗಿತ್ತು. "ವೆಲ್ಡೋರಾದವರು ಎಡಗೈದು ಮಾಡೋದೇ ಇಲ್ಲ ಸಾರ್. ಹಾಲ್ಬರ್ಗ್‌ನವರು ಮಾತ್ರ. ಬಿಲ್ ಬದಲಾಯಿಸಿಕೊಡ್ತೀನಿ, ನೀವು ಏನೂ ಹೆಚ್ಚಿಗೆ ಕೊಡೋದು ಬೇಡ."

ಭಾವಮೈದ ಬೂಟಿನಿಂದ ಕಣ್ಣೆತ್ತಿದ. ನಗಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದ. ಹಾಲ್ಬರ್ಗನ್ನು ಮಾರಾಟಗಾರನಿಂದ ತಾನೇ ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ತಂದು ನೀಡಿದ.

"ತಗೊಳ್ಳಿ ಭಾವ. ಪರವಾಗಿಲ್ಲ. ನಿಮ್ಮ ಕೈಗೋಸ್ಕರನೇ ಮಾಡಿದ್ದು. ನಾನು ಯಾರ ಹತ್ರನೂ ಏನೂ ಹೇಳಲ್ಲ."

"ತಗೊಳ್ರೀ," ಎಂದಳು ಹೆಂಡತಿ, ಪಿಸುದನಿಯಲ್ಲಿ. "ಆಸೆಪಟ್ಟಿದ್ದೀರಿ."

ನಂಬರ್ ಸಾರ್ ವೆಲ್ಡೋರಾವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡರು.

"ಬೇಡ," ಎಂದರು. "ಕೈ ಬದಲಾಯಿಸ್ಕೋತೀನಿ."