ಖಣದ ಮೂಲೆಯಲ್ಲೊಂದು ಪೆನ್ಸಿಲ್ ಗುರುತು

ನಮ್ಮ ಮನೆಯವರನ್ನು ಯಾರಾದರೂ ಜಿಪುಣರೆಂದರೆ ನಾನು ಸುಮ್ಮನಿರುವುದಿಲ್ಲ. ಜಗತ್ತಿನಲ್ಲಿ ಎಷ್ಟೋ ಮಂದಿ ಕಷ್ಟಪಟ್ಟು ಜಿಪುಣರಾಗಿದ್ದಾರೆ. ಅವರ ಸಾಲಿನಲ್ಲಿ ಇವರನ್ನು ತಂದು ನಿಲ್ಲಿಸಿದರೆ ಅವರ ಮರ್ಯಾದೆ ಏನಾಗಬೇಕು? ಜಿಪುಣರು ದುಡ್ಡು ಉಳಿಸುತ್ತಾರೆ. ಇವರು ಬಿಸಿಲು ಉಳಿಸುತ್ತಾರೆ!

ನಗಬೇಡಿ. ಬಸವಕಲ್ಯಾಣದಲ್ಲಿರುವ ನಮ್ಮದು ಹಳೆಯ ಮಣ್ಣಿನ ಮಾಳಿಗೆಯ ಮನೆ. ನಡುಮನೆಯ ಮೇಲೊಂದು ಬೆಳಕಿಂಡಿ. ಬೆಳಿಗ್ಗೆ ಅದರೊಳಗಿಂದ ಇಳಿಯುವ ಬಿಸಿಲಿನ ತುಂಡು ಮೊದಲು ದೇವರ ಜಗಲಿಯ ಹತ್ತಿರ ಬಂದು ಕೂಡುತ್ತದೆ. ಆಮೇಲೆ ಯಾವ ಅವಸರವೂ ಇಲ್ಲದೆ ಜರುಗುತ್ತ ಜರುಗುತ್ತ ಕಾಳಿನ ಚೀಲದವರೆಗೆ ಹೋಗಿ, ಇಳಿಹೊತ್ತಿಗೆ ಗೋಡೆ ಹತ್ತಿ ಮಾಯವಾಗುತ್ತದೆ. ಅದರ ಹಿಂದೆಯೇ ಇವರ ಕುರ್ಚಿ. ಹೈಸ್ಕೂಲಿನ ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ಇವರಿಗಿರುವ ಒಂದೇ ನೌಕರಿ ಇದು. ಹಗಲಲ್ಲಿ ಲೈಟು ಹಚ್ಚುವುದೆಂದರೆ ಸೂರ್ಯನಿಗೆ ಅಪಮಾನವಂತೆ. ಕೈಯಲ್ಲಿ ಪಕ್ಕದ ಮನೆಯವರು ಓದಿಬಿಟ್ಟ ನಿನ್ನೆಯ ಪೇಪರು. ಹೀಗಾಗಿ ಊರೆಲ್ಲ ನಿನ್ನೆ ಸಿಟ್ಟಾಗಿ ಮರೆತ ಸುದ್ದಿಗೆ ನಮ್ಮ ಮನೆಯಲ್ಲಿ ಇವತ್ತು ಸಿಟ್ಟು ಬರುತ್ತದೆ.

ಒಮ್ಮೊಮ್ಮೆ ನಾನು ತೊಗರಿಬೇಳೆ ಹಸನು ಮಾಡುತ್ತ ಆ ಬಿಸಿಲನ್ನೇ ನೋಡುತ್ತ ಕುಳಿತುಬಿಡುತ್ತೇನೆ. ಅದರಲ್ಲಿ ದೂಳಿನ ಕಣಗಳು ತೇಲುತ್ತಿರುತ್ತವೆ, ಇವರು ತೂಕಡಿಸುತ್ತಿರುತ್ತಾರೆ, ಬಿಸಿಲು ಇವರ ಮೊಣಕಾಲಿನ ಮೇಲೆ ಬೆಕ್ಕಿನ ಹಾಗೆ ಮಲಗಿರುತ್ತದೆ. ಮೂವತ್ತೈದು ವರ್ಷ ಹೀಗೇ ಹೋಯಿತೇ ಅನಿಸುತ್ತದೆ. ಅಷ್ಟರಲ್ಲಿ ಬಿಸಿಲು ಜರುಗುತ್ತದೆ, ಇವರಿಗೆ ಎಚ್ಚರವಾಗುತ್ತದೆ, ಕುರ್ಚಿ ಕಿರ್ರೆನ್ನುತ್ತದೆ.

ಸಾಬೂನಿನ ಕಥೆ ಬೇರೆ. ಸವೆದು ಹಪ್ಪಳವಾದ ಸಾಬೂನನ್ನು ನಾವು ಎಸೆಯುವುದಿಲ್ಲ. ಹೊಸ ಸಾಬೂನಿಗೆ ಒತ್ತಿ ಅಂಟಿಸುತ್ತೇವೆ. ಕೆಂಪಿಗೆ ಹಸಿರು, ಹಸಿರಿಗೆ ಬಿಳಿ. ಕಲ್ಯಾಣದ ನೀರು ಕುಡಿದವರಲ್ಲವೇ, ಸಾಬೂನುಗಳಿಗೆ ಮದುವೆ ಮಾಡುವಾಗಲೂ ಜಾತಿ ಕೇಳುವುದಿಲ್ಲ! ಚಹಾಪುಡಿಗೆ ನಮ್ಮಲ್ಲಿ ಎರಡು ಜನ್ಮ. ಈಗ ಫೋನಿನಲ್ಲಿ ಎಷ್ಟು ಮಾತಾಡಿದರೂ ಅಷ್ಟೇ ಖರ್ಚು. ಆದರೂ ಇವರು ಮಿಸ್ ಕಾಲ್ ಕೊಡುವುದನ್ನು ಬಿಟ್ಟಿಲ್ಲ. ಯಾಕೆಂದು ಕೇಳಿದರೆ ರೂಢಿ ಕೆಡಬಾರದು ಎನ್ನುತ್ತಾರೆ.

ಬೇರೆ ಊರಿಗೆ ಹೊರಟರೆ ಸೀಟು ತುಂಬಿಸಿಕೊಂಡು ಹೋಗುವ ಆಟೊವೇ ಆಗಬೇಕು. ಒಂದು ಸೀಟು ಖಾಲಿ ಹೊರಟರೂ ಇವರಿಗೆ ಸಂಕಟ. ಅದಕ್ಕೇ ಆಟೊದವನ ಪಕ್ಕದಲ್ಲಿ ನಿಂತು, ಅವನಿಗಿಂತ ದೊಡ್ಡ ದನಿಯಲ್ಲಿ ತಾವೇ "ಮುಡಬಿ, ಮುಡಬಿ, ಮುಡಬಿ" ಎಂದು ಕೂಗುತ್ತಾರೆ. ನಾನು ಒಳಗೆ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತೇನೆ. ಒಮ್ಮೆ ಯಾರೋ ಇವರನ್ನೇ ಆಟೊದ ಮಾಲಕರೆಂದು ತಿಳಿದು ಹಿಂದಿನ ವಾರ ಬಿಟ್ಟುಹೋದ ಛತ್ರಿಯನ್ನು ಕೇಳಿದ್ದರು.

ಇನ್ನು ಖಣಗಳನ್ನಿಡುವ ಪೆಟ್ಟಿಗೆಗೆ, ಅದೇ ನಮ್ಮ ಸಂದೂಕಿಗೆ, ಬರೋಣ.

ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಕ್ಕಳಿಗೆ ಉಡಿ ತುಂಬದೆ ಕಳಿಸುವ ಪದ್ಧತಿಯಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಜೊತೆಗೆ ಕುಪ್ಪಸಕ್ಕೊಂದು ಖಣ. ಅಕ್ಕಿ ಅನ್ನವಾಗುತ್ತದೆ, ಕೊಬ್ಬರಿ ಚಟ್ನಿಯಾಗುತ್ತದೆ. ಆದರೆ ಖಣ ಮಾತ್ರ ಕುಪ್ಪಸವಾಗುವುದಿಲ್ಲ! ಇವತ್ತು ನನ್ನ ಉಡಿಗೆ ಬಿದ್ದದ್ದು ನಾಳೆ ಇನ್ನೊಬ್ಬಳ ಉಡಿಗೆ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಬಸ್ಸಿನಲ್ಲಿ ಕುಳಿತಾಗ ನನಗೆ ಎಷ್ಟೋ ಸಲ ಅನಿಸಿದೆ: ಈ ಹೆಂಗಸರ ಮಡಿಲಲ್ಲಿರುವ ಚೀಲಗಳಲ್ಲಿ ಎಷ್ಟು ಖಣಗಳು ತೊಗರಿ ಹೊಲಗಳನ್ನು ದಾಟಿಕೊಂಡು ಊರಿಂದೂರಿಗೆ ಹೊರಟಿರಬಹುದು? ಒಂದು ಸಲವೂ ಸೂಜಿ ಕಾಣದೆ, ಯಾರ ಮೈಗೂ ಹತ್ತದೆ, ಮದುವೆ, ತೊಟ್ಟಿಲು, ಗೃಹಪ್ರವೇಶಗಳನ್ನೆಲ್ಲ ನೋಡಿಕೊಂಡು ತಿರುಗುವ ಅವುಗಳ ಬಾಳು ನಮ್ಮದಕ್ಕಿಂತ ಸುಖದ್ದೇ ಇರಬೇಕು.

ಈ ತಿರುಗಾಟದಲ್ಲಿ ಒಂದೇ ಭಯ: ಕೊಟ್ಟವರಿಗೇ ವಾಪಸು ಹೋಗಿಬಿಟ್ಟರೆ? ಅದಕ್ಕೆ ಇವರು ಉಪಾಯ ಹುಡುಕಿದ್ದಾರೆ. ಮನೆಗೆ ಬಂದ ಖಣದ ಮೂಲೆಯಲ್ಲಿ, ಕಿವಿಯ ಮೇಲಿನ ಪೆನ್ಸಿಲಿನಿಂದ, ಅದು ಬಂದ ಊರಿನ ಮೊದಲ ಅಕ್ಷರ ಬರೆದು ಸಂದೂಕಿಗೆ ಹಾಕುತ್ತಾರೆ. 'ಮಂ' ಎಂದರೆ ಮಂಠಾಳ, ಆ ಊರಿಗೆ ಕೊಡಬಾರದು. 'ಹು' ಎಂದರೆ ಹುಮನಾಬಾದ, ನನ್ನ ತವರು, ಅಲ್ಲಿಗೆ ಕೊಡಬಾರದು. ಬೇರೆ ಊರಿಗೆ ಹೋಗುವಾಗ ಆ ಅಕ್ಷರ ಒರೆಸಬೇಕಲ್ಲವೇ? ಒರೆಸುವುದಿಲ್ಲ, ರಬ್ಬರು ಸವೆಯುತ್ತದೆ.

ಎರಡು ವರ್ಷದ ಹಿಂದೆ ಹುಮನಾಬಾದಿಗೆ ಹೋಗಿದ್ದಾಗ ಅವ್ವ ನನಗೆ ಉಡಿ ತುಂಬಿದಳು. ಮನೆಯಲ್ಲಿ ಅವ್ವನೊಬ್ಬಳೇ ಇದ್ದಳು. ನಮ್ಮಣ್ಣ ಮತ್ತು ವೈನಿ ಮದುವೆಗೆಂದು ಪರವೂರಿಗೆ ಹೋಗಿದ್ದರು. ಕಣ್ಣು ಮಸುಕಾಗಿದ್ದರೂ ಪೇಟೆಗೆ ತಾನೇ ಹೋಗಿ, ಕೆಂಪು ಅಂಚಿನ ಹಸಿರು ಖಣವೊಂದನ್ನು ತಂದಿದ್ದಳು. ಎಳೆ ಬಿಚ್ಚಬಾರದೆಂದು ಕತ್ತರಿಸಿದ ಅಂಚಿಗೆ ಹಳದಿ ದಾರದಿಂದ ಸೊಟ್ಟಸೊಟ್ಟ ಹೊಲಿಗೆ ಹಾಕಿದ್ದಳು. "ಇದನ್ನ ಯಾರಿಗೂ ಕೊಡಬ್ಯಾಡವಾ. ನೀನೇ ಹೊಲಿಸ್ಕೊ" ಎಂದಳು. ಖಣಗಳ ಹಣೆಬರಹ ಅವಳಿಗೆ ಗೊತ್ತಿಲ್ಲದ್ದೇ? ಹೊಲಿಸಿಕೊಂಡರಾಯಿತೆಂದು ನಾನು ಅದನ್ನು ರೇಷ್ಮೆ ಸೀರೆಯ ಕೆಳಗಿಟ್ಟೆ. ಮೂರು ತಿಂಗಳಿಗೆ ಅವ್ವ ಹೋದಳು. ಆಮೇಲೆ ಅದನ್ನು ಕತ್ತರಿಗೆ ಕೊಡಲು ಮನಸ್ಸು ಬರಲಿಲ್ಲ.

ಅವ್ವನ ವರ್ಷದ ತಿಥಿ ಹತ್ತಿರ ಬಂದಾಗ, ಅವತ್ತಿಗಾದರೂ ತೊಡಬೇಕೆಂದು ಸೀರೆ ಎತ್ತಿ ನೋಡಿದೆ. ಖಣ ಇರಲಿಲ್ಲ. ಯುಗಾದಿಯ ಮುಂದೆ ಸುಣ್ಣ ಬಳಿಯಲು ಕಪಾಟು ಖಾಲಿ ಮಾಡಿದ್ದು ನೆನಪಾಯಿತು. ಇವರನ್ನು ಕೇಳಿದೆ. ಹೌದು, ಸೀರೆಗಳ ನಡುವೆ ದಾರಿ ತಪ್ಪಿದ ಖಣವೊಂದು ಸಿಕ್ಕಿತ್ತಂತೆ. ಹುಮನಾಬಾದಿನದೇ ಇರಬೇಕೆಂದು 'ಹು' ಬರೆದು ಸಂದೂಕಿಗೆ ಹಾಕಿದರಂತೆ. ಆಮೇಲೆ ಮಂಠಾಳದಲ್ಲಿ ಇವರ ಕಾಕಾನ ಮಗಳ ಮನೆಯ ಕುಬುಸದ ಕಾರ್ಯಕ್ಕೆ, ಅಂದರೆ ಅವಳ ಮಗಳ ಸೀಮಂತಕ್ಕೆ, ಹೋದಾಗ ಅದನ್ನೇ ಕಾಕಾನ ಮಗಳ ಉಡಿಗೆ ಹಾಕಿಸಿದರಂತೆ. ಆ ದಿನ ನಾನು ಜ್ವರದಿಂದ ಮಲಗಿದ್ದೆ. ಹೇಳಿ ಮುಗಿಸಿದ ಮೇಲೆ ನನ್ನ ಮುಖ ನೋಡಿ ಇವರು ಪೆನ್ಸಿಲನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡರು.

ನಾನು ಜಗಳವಾಡಲಿಲ್ಲ. ಒಳಗೆ ಹೋಗಿ ಹೊಸ ಪುಡಿ ಹಾಕಿ ಚಹಾ ಮಾಡಿ ತಂದುಕೊಟ್ಟೆ. ಒಂದು ಗುಟುಕು ಕುಡಿದವರೇ ಗಾಬರಿಯಾದರು. ಇಷ್ಟು ಗಟ್ಟಿ ಚಹಾ ಕೊಡುವಷ್ಟು ನನ್ನ ಮನಸ್ಸು ಕೆಟ್ಟಿದೆಯೆಂದು ಆಗ ಗೊತ್ತಾಯಿತಂತೆ!

ಮರುದಿನ ಬೆಳಕಿಂಡಿಯ ಬಿಸಿಲು ಇಳಿದಾಗ ಕುರ್ಚಿ ಖಾಲಿ ಇತ್ತು. ಇವರು ಮಂಠಾಳದ ಆಟೊ ಹಿಡಿದಿದ್ದರು. ಕಾಕಾನ ಮಗಳು ನಾಚುತ್ತ ನಾಚುತ್ತ, ಅದನ್ನು ಮುಡಬಿಯ ಬೀಗತಿಗೆ ಕೊಟ್ಟೆನೆಂದಳು. ಅದರ ಮರುದಿನ ಮುಡಬಿ. ಬೀಗತಿ ಅದನ್ನು ಕಲ್ಯಾಣದ ಗೆಳತಿಯೊಬ್ಬಳಿಗೆ ಕೊಟ್ಟಿದ್ದಳು. ಆ ಗೆಳತಿ ಯಾರು? ನಮ್ಮ ಹಿಂದಿನ ಓಣಿಯ ಮಾಸ್ತರರ ಹೆಂಡತಿ! ನನ್ನ ಖಣ ನಮ್ಮ ಬಾಗಿಲ ಮುಂದೆಯೇ ಹಾದುಹೋಗಿದೆ, ನಾನು ಅಂಗಳಕ್ಕೆ ನೀರು ಹಾಕುತ್ತಿದ್ದಾಗಲೇ ಹೋಗಿದೆಯೋ ಏನೋ. ಇವರು ಅಲ್ಲಿಗೂ ಹೋಗಿ ಬಂದು, ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತರು.

"ಹುಮನಾಬಾದಕ್ಕ ಒಂದು ಹೊಸಮನಿ ಶಾಂತಿ ಕಾರ್ಯಕ್ಕ ಒಯ್ದಿದ್ದರಂತ. ಅಲ್ಲಿಂದ ಮುಂದ ಎಲ್ಲಿ ಹೋಯ್ತೋ ಆ ಮನಿಯವರಿಗೂ ನೆನಪಿಲ್ಲಂತ" ಎಂದರು. ಆಮೇಲೆ, "ನನ್ನಿಂದ ತಪ್ಪಾಗ್ಯದ" ಎಂದರು. ಮೂವತ್ತೈದು ವರ್ಷದಲ್ಲಿ ಈ ಮಾತನ್ನು ಮೊದಲ ಸಲ ಖರ್ಚು ಮಾಡಿದ್ದರು.

ತಿಥಿಗೆ ಹುಮನಾಬಾದಿಗೆ ಹೋದೆವು. ನಾನು ಹಳೆಯ ಕುಪ್ಪಸವನ್ನೇ ತೊಟ್ಟಿದ್ದೆ. ಮಾರನೆಯ ದಿನ ಹೊರಡುವಾಗ ವೈನಿ ಮಣೆ ಹಾಕಿ ಕೂಡಿಸಿದಳು. ಅವ್ವ ಕೂಡಿಸುತ್ತಿದ್ದ ಜಾಗವೇ ಅದು, ಬೇವಿನ ಗಿಡದ ನೆರಳು ಬಾಗಿಲಿನೊಳಗೆ ಬಂದು ಅಲ್ಲಾಡುವ ಜಾಗ. ಮನಸ್ಸು ಎಲ್ಲೋ ಹೋಗಿತ್ತು. ವೈನಿ ಕುಂಕುಮ ಹಚ್ಚಿದಳು, ಉಡಿಗೆ ಅಕ್ಕಿ ಹಾಕಿದಳು, ಕೊಬ್ಬರಿ ಹಾಕಿದಳು, ಖಣ ಇಟ್ಟಳು. ಹಸಿರು ಖಣ. ಕೆಂಪು ಅಂಚು. ಹಳದಿ ದಾರದ ಸೊಟ್ಟಸೊಟ್ಟ ಹೊಲಿಗೆ.

ನಾನು ಮೂಲೆ ಬಿಡಿಸಿ ನೋಡಿದೆ. ಪೆನ್ಸಿಲಿನ 'ಹು' ಇತ್ತು. ಅದರ ಪಕ್ಕದಲ್ಲಿ ನೀಲಿ ಪೆನ್ನಿನ ಒಂದು ಚುಕ್ಕೆ, ಅದರಾಚೆ ಕಪ್ಪು ದಾರದ ಒಂದು ಗಂಟು, ಇನ್ನೊಂದು ಯಾವುದೋ ಕೈಬರಹದ 'ಮು'. ಅಂದರೆ ಇಡೀ ತಾಲೂಕೇ ನಮ್ಮ ಮನೆಯವರ ಹಾಗೆ ಗುರುತು ಹಾಕುತ್ತದೆ! ನಾನೊಬ್ಬಳೇ ಇಷ್ಟು ವರ್ಷ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದೆ.

ಗುರುತುಗಳನ್ನು ನೋಡಿದ ವೈನಿಯ ಮುಖ ಸಣ್ಣದಾಯಿತು. ಹೋದ ತಿಂಗಳು ಪಕ್ಕದ ಮನೆಯವರು ತನಗೆ ಉಡಿ ತುಂಬಿದ್ದೆಂದು ಒಪ್ಪಿಕೊಂಡು, ಬೇರೆ ಹೊಸದನ್ನು ತರಲು ಎದ್ದಳು. ನಾನು ಅವಳ ಕೈ ಹಿಡಿದೆ. "ಬ್ಯಾಡ ವೈನಿ. ಇದು ಅವ್ವಂದು" ಎಂದೆ. 'ಹು' ಎಂದು ಬರೆದದ್ದು ಹುಮನಾಬಾದಿಗೆ ಹೋಗಕೂಡದೆಂಬುದು ಇವರ ಕಾಯಿದೆ. ಆ ಕಾಯಿದೆ ಗೊತ್ತಿಲ್ಲದ ಹೆಂಗಸರೆಲ್ಲ ಸೇರಿ ಅವ್ವನ ಖಣವನ್ನು ಅವ್ವನ ಮನೆಗೆ ಮುಟ್ಟಿಸಿದ್ದರು.

ಬಾಗಿಲಲ್ಲಿ ನಿಂತಿದ್ದ ಇವರು ಚೀಲ ಎತ್ತಿಕೊಂಡು ಮುಂದೆ ಹೋದರು. ನಾನು ಉಡಿ ಕಟ್ಟಿಕೊಂಡು ಆಟೊ ನಿಲ್ಲುವಲ್ಲಿಗೆ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತೆ. ಇನ್ನೇನು "ಕಲ್ಯಾಣ, ಕಲ್ಯಾಣ" ಎಂದು ಇವರ ಕೂಗು ಶುರುವಾಗುತ್ತದೆಂದು ಸೆರಗು ಮುಖಕ್ಕೆ ತಂದುಕೊಂಡೆ. ಕೂಗು ಬರಲಿಲ್ಲ. ಆಟೊದವನು ಇನ್ನೂ ಆರು ಮಂದಿ ಬೇಕೆಂದು ಹೇಳುತ್ತಿದ್ದ.

"ಯಾರನ್ನೂ ಹತ್ತಿಸಬ್ಯಾಡಪಾ. ಪುರಾ ಗಾಡಿ ನಮಗೇ ಇರಲಿ" ಎಂದರು ಇವರು. ಆಮೇಲೆ ದನಿ ಇಳಿಸಿದರು, ಆದರೂ ನನಗೆ ಕೇಳಿಸಿತು. "ಆಕಿ ಜರಾ ಆರಾಮಾಗಿ ಅಳಲಿ."

ನಾನು ಅತ್ತೆ. ಹೆದ್ದಾರಿಯ ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು, ಅದೆಲ್ಲ ಹಳದಿ ಹಳದಿಯಾಗಿ ಕಣ್ಣೀರಿನಲ್ಲಿ ಕಲಸಿಹೋಯಿತು. ಅರ್ಧ ದಾರಿಯಲ್ಲಿ ಗಂಟು ಹೊತ್ತ ಮೂವರು ಹೆಂಗಸರು ಕೈ ಮಾಡಿದರು. ನಾನು ಮೂಗು ಒರೆಸಿಕೊಂಡು, "ನಿಲ್ಲಸಾಕ ಹೇಳ್ರಿ, ಸೀಟು ಖಾಲಿ ಹೊಂಟಾವ" ಎಂದೆ. ನನ್ನ ಬಾಯಿಂದ ಈ ಮಾತು! ಮುಂದೆ ಕುಳಿತಿದ್ದ ಇವರು ಹಿಂದೆ ತಿರುಗಿ ನನ್ನನ್ನು ನೋಡಿದರು.

"ಅಳೋದು ಮುಗೀತೇನು?"

"ಇನ್ನಾ ಜರಾ ಅದ" ಎಂದೆ.

"ಹಂಗಾರ ಹೋಗಲಿ ಬಿಡು, ಖಾಲಿನೇ ಹೋಗಲಿ" ಎಂದು ಇವರು ಮುಂದೆ ತಿರುಗಿ ಕುಳಿತರು.