ಹಲ್ಲು ನೋಡಿ ತಂದ ಮಷೀನು

ಹೊಲಿಗೆ ಮಷೀನಿನ ಹಲ್ಲು ಮುಟ್ಟಿ ಅದರ ವಯಸ್ಸು ಹೇಳುವ ಹೆಂಗಸು ನಿಮ್ಮ ಕಡೆ ಯಾರಾದರೂ ಇದ್ದಾರೆಯೇ? ನಮ್ಮ ಮನೆಯಲ್ಲಿದ್ದಾಳೆ. ನನ್ನ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ. ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳಲ್ಲಿ ಹಳೆಯ ಮಷೀನು ಮಾರುವವರಿಗೆ ಅವಳ ಹೆಸರು ಗೊತ್ತಿಲ್ಲ. ಆದರೆ ಅವಳ ಕೈಚೀಲವನ್ನು ನೂರು ಮಾರು ದೂರದಿಂದಲೇ ಗುರುತು ಹಿಡಿಯುತ್ತಾರೆ. ಅದನ್ನು ಕಂಡು ಒಬ್ಬ ಶಟರ್ ಎಳೆದ ಎಂದರೆ ನೀವು ನಂಬಲಿಕ್ಕಿಲ್ಲ. ಪೂರ್ತಿ ಎಳೆಯಲಿಲ್ಲ, ಅರ್ಧ ಎಳೆದದ್ದನ್ನು ನಾನೇ ನೋಡಿದ್ದೇನೆ.

ಇದಕ್ಕೆಲ್ಲ ಕಾರಣ ಎತ್ತುಗಳು. ಕಾಕುವಿನ ಮನೆ ಉಗಾರ ಖುರ್ದದಲ್ಲಿ, ಕಬ್ಬಿನ ಗಾಡಿಗಳು ಕಾರ್ಖಾನೆಗೆ ಹೋಗುವ ರಸ್ತೆಯ ಬದಿಗೇ ಇದೆ. ಹಂಗಾಮು ಶುರುವಾಯಿತೆಂದರೆ ಟ್ರ್ಯಾಕ್ಟರುಗಳ ನಡುವೆ ಎತ್ತಿನ ಗಾಡಿಗಳೂ ಸಾಲುಗಟ್ಟಿ ನಿಲ್ಲುತ್ತವೆ. ಉಳಿದವರೆಲ್ಲ ಕಬ್ಬು ನೋಡಿದರೆ ಕಾಕು ಎತ್ತಿನ ಹೆಗಲು ನೋಡುತ್ತಾಳೆ. ನೊಗ ತಿಕ್ಕಿ ತಿಕ್ಕಿ ಹುಣ್ಣಾದ ಹೆಗಲು ಕಂಡ ದಿನ ಅವಳಿಗೆ ಊಟ ಸೇರುವುದಿಲ್ಲ. ಹೋದ ವರ್ಷ ಒಂದು ತೀರ್ಮಾನಕ್ಕೆ ಬಂದಳು. ನೊಗದ ಕೆಳಗೆ ಹಾಕಲು ಎತ್ತಿಗೊಂದು ಗಾದಿ ಹೊಲಿಯಬೇಕು. ಹೊರಗೆ ಮಳೆಗೆ ಗಾಡಿಯ ಮೇಲೆ ಹೊದಿಸುವ ತಾಡಪತ್ರಿ, ನಡುವೆ ಜೀನ್ಸ್, ಎತ್ತಿನ ಮೈಗೆ ತಾಗುವ ಕಡೆ ಕಂಬಳಿ. ಕಂಬಳಿ ಯಾರದು ಎಂದು ಕೇಳಬೇಡಿ, ಕಾಕಾ ಆ ಚಳಿಗಾಲವನ್ನು ಎರಡು ಚಾದರ ಹೊದ್ದು ಕಳೆದರು. ಜೀನ್ಸ್ ನನ್ನದು. ಅದು ಹಳೆಯದೂ ಆಗಿರಲಿಲ್ಲ, ಇಸ್ತ್ರಿ ಮಾಡಿ ಇಟ್ಟದ್ದು!

ಮನೆಯಲ್ಲಿದ್ದ ಕಾಲುಮಷೀನು ಜಂಪರು, ಲಂಗ ಹೊಲಿದು ಸುಖವಾಗಿ ಬಾಳಿದ್ದು. ಗಾದಿಯನ್ನು ಕಂಡದ್ದೇ ಒಂದೇ ಮಧ್ಯಾಹ್ನ ಆರು ಸೂಜಿ ಮುರಿದು ಮುಷ್ಕರ ಹೂಡಿತು. ಕಾಕು ಬಿಡಬೇಕಲ್ಲ? ದಬ್ಬಣ ಹಿಡಿದು ನಾಲ್ಕು ದಿನ ಕೂತು ಒಂದು ಗಾದಿಯನ್ನು ಕೈಯಲ್ಲೇ ಹೊಲಿದಳು. ಮುಗಿದ ಕೂಡಲೇ ಅದನ್ನು ತನ್ನ ಎಡ ಹೆಗಲ ಮೇಲೆ ಹಾಕಿಕೊಂಡು, ಕುತ್ತಿಗೆ ಬಗ್ಗಿಸಿ, ಅಂಗಳದ ಈ ತುದಿಯಿಂದ ಆ ತುದಿಗೆ ನಡೆದಳು.

'ಕಾಕು, ಎತ್ತಿಗೆ ಹೊಲದದ್ದು ನಿನಗ ಹೆಂಗ ಅಳತಿ ಆಗ್ತೈತಿ?' ಎಂದೆ.

'ಹೆಗಲು ಹೆಗಲ ಅಲ್ಲೇನು?' ಎಂದಳು.

ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. 'ಇದು ಕೈಲೇ ಆಗೂ ಕೆಲಸಲ್ಲ. ದಪ್ಪಂದು ಹೊಲಿಯೂ ಮಷಿನ್ ಬೇಕು. ಈ ಹಂಗಾಮಿನಾಗ ಒಂದ ಎತ್ತಿಗೆ ಆತು, ಮುಂದಿನ ಹಂಗಾಮಿಗೆ ಎಲ್ಲಾಕೂ ಹಾಕಬೇಕು,' ಎಂದಳು. ಹೊಸ ಮಷೀನು ಕೊಳ್ಳುವಷ್ಟು ದುಡ್ಡು ನಮ್ಮ ಎಮ್ಮೆಯ ಹಾಲಿನಲ್ಲಿ ಹುಟ್ಟುವುದಿಲ್ಲ. ಆದ್ದರಿಂದ ಹಳೆಯದನ್ನೇ ಹುಡುಕುವುದೆಂದಾಯಿತು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವರು ಕಾಕಾ ಮತ್ತು ಕಾಕು. ಈಗ ನಾನು ಚಿಕ್ಕೋಡಿಯಲ್ಲಿ ಹೈಸ್ಕೂಲು ಮಾಸ್ತರ, ಮೇಲಾಗಿ ಬೈಕು ಇರುವವನು. ಹಂಗಾಮಿಗೆ ಮುಂಚಿನ ರವಿವಾರಗಳೆಲ್ಲ ಅವಳ ಪಾಲಾದವು.

ಇಲ್ಲಿ ಒಂದು ಮಾತು ಹೇಳಬೇಕು. ಕಾಕುವಿನ ತವರು ದಿಗ್ಗೇವಾಡಿ. ಅವಳಪ್ಪ ಎತ್ತಿನ ದಲಾಲಿ. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಸಂತೆ ಸುತ್ತಿದ್ದರಿಂದ ಅವಳಿಗೆ ಎತ್ತು ಆರಿಸುವುದು ಚೆನ್ನಾಗಿ ಗೊತ್ತು. ಮಷೀನು ಆರಿಸುವುದು ಗೊತ್ತಿಲ್ಲ. ಗೊತ್ತಿಲ್ಲದವರು ಏನು ಮಾಡುತ್ತಾರೆ? ನನ್ನಂಥವರು ಮೊಬೈಲು ತೆಗೆದು ನೋಡುತ್ತಾರೆ. ಕಾಕು ಮಷೀನನ್ನೇ ಎತ್ತು ಎಂದುಕೊಂಡಳು.

ಚಿಕ್ಕೋಡಿಯ ಅಂಗಡಿಯವನು ಮಿರಿಮಿರಿ ಮಿಂಚುವ ಮಷೀನೊಂದನ್ನು ಮುಂದೆ ತಂದಿಟ್ಟು, ತೆಳ್ಳನೆಯ ಅರಿವೆಯ ಮೇಲೆ ಸರ್ರನೆ ಹೊಲಿದು ತೋರಿಸಿದ. ಕಾಕು ಅರಿವೆಯ ಕಡೆ ನೋಡಲೇ ಇಲ್ಲ. ಸೂಜಿಯ ಕೆಳಗಿನ ತಗಡು ಸರಿಸಲು ಹೇಳಿ, ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳ ಮೇಲೆ ಬೆರಳಾಡಿಸಿದಳು.

'ಹಲ್ಲ ಸವದಾವು. ಭಾಳ ವಯಸ್ಸಾಗೈತಿ ಇದಕ್ಕ. ಮೈಗೆ ಬಣ್ಣ ಬಳದು, ಕೋಡಿಗೆ ಎಣ್ಣಿ ಹಚ್ಚಿ ನಿಲ್ಲಿಸೀರಿ.'

'ಅಕ್ಕಾರ, ಇದು ಮಷಿನ್ ಐತ್ರಿ,' ಎಂದ ಅವನು.

'ನಾ ಎಲ್ಲಿ ಎತ್ತು ಅಂದ್ನಿ?' ಎಂದು ಕಾಕು ಚೀಲ ಎತ್ತಿಕೊಂಡಳು.

ಹಲ್ಲು ಸವೆದ ಮಷೀನು ದಪ್ಪ ಬಟ್ಟೆಯನ್ನು ಮುಂದೆ ಎಳೆಯಲಾರದೆ ಒಂದೇ ಜಾಗದಲ್ಲಿ ಕುಟ್ಟುತ್ತದೆಂದು ನಾನು ಅದೇ ರಾತ್ರಿ ಮೊಬೈಲಿನಲ್ಲಿ ಓದಿ ತಿಳಿದುಕೊಂಡೆ. ಮಾಸ್ತರಿಕೆ ಮಾಡುವ ನನಗೆ ಅದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವೇ ಆಯಿತು.

ನಿಪ್ಪಾಣಿಯಲ್ಲಿ ಆ ಕೈಚೀಲ ಬಾಯಿ ತೆರೆಯಿತು. ಅದರೊಳಗಿದ್ದದ್ದು ತಾಡಪತ್ರಿ, ಜೀನ್ಸ್, ಕಂಬಳಿಗಳನ್ನು ಮಡಚಿ ಮಾಡಿದ ಒಂದು ದಪ್ಪ ಗಂಟು. ಅಂಗಡಿಯವನು ಹಾಲಿನ ಬಣ್ಣದ ಪುಟ್ಟ ಕರೆಂಟು ಮಷೀನು ತೋರಿಸಿ, ಇದು ಎಲ್ಲವನ್ನೂ ಹೊಲಿಯುತ್ತದೆ ಎಂದು ಬಾಯಿ ಜಾರಿ ಹೇಳಿಬಿಟ್ಟ. ಕಾಕು ಗಂಟನ್ನು ಮುಂದಿಟ್ಟಳು. ಬಟ್ಟೆ ಒತ್ತಿಹಿಡಿಯುವ ಕಾಲನ್ನು ಎಷ್ಟು ಎತ್ತಿದರೂ ಗಂಟು ಒಳಗೆ ಹೋಗಲೊಲ್ಲದು.

'ಕಾಲ ಎತ್ತಾಕ ಬರೂದಿಲ್ಲಲ್ಲೋ ಇದಕ್ಕ,' ಎಂದಳು ಕಾಕು.

ಅವನಿಗೆ ಹಟ ಬಂತು. ಗಂಟಿನ ತುದಿಯನ್ನು ತುರುಕಿ ಗುಂಡಿ ಒತ್ತಿಯೇಬಿಟ್ಟ. ಟಣ್ ಎಂದಿತು. ಸೂಜಿಯ ಮುರುಕು ಎಲ್ಲಿ ಹೋಯಿತೆಂದು ಮೂವರೂ ಹುಡುಕಿದೆವು, ಕಡೆಗೆ ಅವನ ಚಹಾದ ಕಪ್ಪಿನ ತಳದಲ್ಲಿ ಸಿಕ್ಕಿತು. 'ಅಹೋ ಮಾವಶಿ, ರಾಹೂ ದ್ಯಾ,' ಎಂದು ಅವನು ಮರಾಠಿಯಲ್ಲಿ, ಸಾಕು ಬಿಟ್ಟುಬಿಡಿ ಎಂದು ಕೈಮುಗಿದ. ಮುಂದಿನ ರವಿವಾರ ಶಟರ್ ಎಳೆದವನು ಇವನ ಪಕ್ಕದ ಅಂಗಡಿಯವನು.

ಅಥಣಿಯಲ್ಲಿ ನಮಗೆ ಸಿಕ್ಕವರು ಒಬ್ಬ ವಯಸ್ಸಾದ ಮಿಸ್ತ್ರಿ ಚಾಚಾ. ಜೀವಮಾನವೆಲ್ಲ ಲಾರಿ, ಟ್ರ್ಯಾಕ್ಟರುಗಳ ಸೀಟು ಹೊಲಿದವರು. ಅವರ ಅಂಗಡಿಯ ಹಿಂದೆ ಗೋಣಿತಟ್ಟು ಹೊದ್ದು ಕೂತಿದ್ದ ಮಷೀನು ಕಪ್ಪಗೆ, ಒರಟಾಗಿ, ಅಲ್ಲಲ್ಲಿ ಬಣ್ಣ ಹಾರಿಹೋಗಿ, ನೋಡಲು ಏನೂ ಚೆಂದವಿರಲಿಲ್ಲ. ಕಾಕು ಹಲ್ಲು ಮುಟ್ಟಿ ನೋಡಿದಳು. ಮುಖ ಅರಳಿತು. ಕಾಲು ಎತ್ತಿದಳು, ಗಂಟು ಸಲೀಸಾಗಿ ಒಳಗೆ ಹೋಯಿತು. 'ಮೋಟರ್ ಬ್ಯಾಡ್ರಿ, ಪಟ್ಟಾ ಬಿಚ್ಚರಿ. ಓಡೂದು ಆಮ್ಯಾಲ, ಮೊದಲ ನಡಿಗಿ ನೋಡಬೇಕು,' ಎಂದು ಗಾಲಿಯನ್ನು ಕೈಯಿಂದಲೇ ನಿಧಾನ ತಿರುಗಿಸಿದಳು. ಸೂಜಿ ಅಷ್ಟೂ ಮಡಿಕೆಗಳನ್ನು ಹಾಯ್ದು ಕೆಳಗಿಳಿದು ಮೇಲೆ ಬಂತು. ಗಂಟು ತಿರುವಿ ನೋಡಿದರೆ ಹೊಲಿಗೆ ಮೇಲೆ ಹೇಗಿತ್ತೋ ಕೆಳಗೂ ಹಾಗೆಯೇ ಇತ್ತು.

'ಇಷ್ಟ ಚಲೋ ಐತಿ, ಮತ್ತ ಯಾಕ ಮಾರಾಕತ್ತೀರಿ?' ಎಂದು ಕೇಳಿದಳು.

'ಮಷಿನ್ ಗಟ್ಟಿ ಐತಿ ಬೆಹೆನ್. ನನ್ನ ಕಣ್ಣ ಕಾಣವಲ್ವು,' ಎಂದರು ಚಾಚಾ.

ಇನ್ನು ಉಳಿದದ್ದು ವ್ಯಾಪಾರ. ಕಾಕು ನನ್ನನ್ನು ಹೊರಗೆ ಕಟ್ಟೆಯ ಬಳಿಗೆ ಕರೆದಳು. ಮಷೀನಿನ ಎದುರಿಗೆ ಅದರ ಬೆಲೆ ಇಳಿಸಬಾರದಂತೆ! ಚೀಲದಿಂದ ಟವೆಲ್ ತೆಗೆದು ನನ್ನ ಕೈಮೇಲೆ ಹಾಕಿ, ಅದರ ಕೆಳಗೆ ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಒತ್ತಿದಳು. ಎತ್ತಿನ ಸಂತೆಯಲ್ಲಿ ಬೆಲೆ ಹೇಳುವುದು ಹೀಗೆ, ಬಾಯಿಂದಲ್ಲ. ಪರಗಂಡಸಿನ ಕೈ ತಾನು ಹಿಡಿಯುವಂತಿಲ್ಲವಾದ್ದರಿಂದ ಮಧ್ಯಸ್ಥಿಕೆ ನನ್ನದು. ಒಳಗೆ ಹೋಗಿ ಚಾಚಾರ ಕೈಮೇಲೆ ಟವೆಲ್ ಹಾಕಿದೆ. ಆದರೆ ಅವಳು ಒತ್ತಿದ್ದು ಎಷ್ಟು ಬೆರಳು? ಕಡೆಗೆ ಅರ್ಧ ಬೆರಳು ಹಿಡಿದಳೋ, ಬಿಟ್ಟಳೋ? ಗಣಿತ ಕಲಿಸುವ ಮಾಸ್ತರ ನಾನು ಚಾಚಾರ ಕೈ ಹಿಡಿದುಕೊಂಡು ಸುಮ್ಮನೆ ನಿಂತೆ.

'ಬೇಟಾ, ಕೈ ಯಾಕ ಹಿಡದಿ?' ಎಂದರು ಅವರು. ವಿಷಯ ಹೇಳಿದೆ. ಟವೆಲ್ ಜಾರಿ ಬೀಳುವಷ್ಟು ನಕ್ಕು, 'ಎಷ್ಟ ಬೆರಳ ಅಂದಾರೋ ಅಷ್ಟಕ್ಕ ಕೊಟ್ಟೆ ಅಂತ ಹೇಳು. ಆದ್ರ ಏನ ಹೊಲಿತಾರ ಇದರಾಗ?' ಎಂದು ಕೇಳಿದರು.

'ಎತ್ತಿನ ಹೆಗಲಿಗೆ ಗಾದಿ,' ಎಂದೆ.

ಅವರ ನಗು ನಿಂತಿತು. 'ಕುಂಡ್ರೋರಿಗೆ ಗಾದಿ ಹೊಲಕೋತ ಜಲ್ಮ ಕಳದೆ. ಎಳಿಯೋರಿಗೆ ಒಂದು ಹೊಲಿಬೇಕಂತ ನನ್ನ ತಲಿಗೆ ಬರ್ಲೇ ಇಲ್ಲ ನೋಡು,' ಎಂದರು.

ಹೊರಗೆ ಬಂದು, ಅವರು ಮರುಮಾತಿಲ್ಲದೆ ಒಪ್ಪಿದರೆಂದು ಹೇಳಿದೆ. ಕಾಕು ಹಿಗ್ಗಬೇಕಿತ್ತು, ಅದರ ಬದಲು ಅವಳ ಮುಖ ಬಾಡಿತು. 'ನಮ್ಮಪ್ಪ ಎದರಿನವರು ಸೋತ್ರ ತಾನ ಒಂದ ಬೆರಳ ಏರಸ್ತಿದ್ದ,' ಎಂದು ಒಳಗೆ ಹೋಗಿ, ಈ ಸಲ ಬಾಯಿಬಿಟ್ಟೇ ಬೆಲೆ ಹೆಚ್ಚಿಸಿ ಬಂದಳು. ಕೊಳ್ಳುವವರೇ ಬೆಲೆ ಏರಿಸಿದ ವ್ಯಾಪಾರವನ್ನು ನೀವು ಎಲ್ಲಿಯಾದರೂ ಕೇಳಿದ್ದೀರಾ? ಟೆಂಪೊದಲ್ಲಿ ಅವಳ ಪಕ್ಕ ಕೂತು ಮನೆಗೆ ಬರುವಾಗ ನನ್ನ ಎದೆ ಉಬ್ಬಿತ್ತು. ಮನೆಯ ಬಾಗಿಲಲ್ಲಿ ಅವಳು, ಹೊಸ ಎತ್ತು ತಂದಾಗ ಮಾಡುವಂತೆ, ಮಷೀನಿನ ನಾಲ್ಕೂ ಕಾಲಿಗೆ ನೀರು ಹಾಕಿದಳು. ತುಕ್ಕು ಹಿಡಿದೀತೆಂದು ನಾನು ಹಿಂದೆಯೇ ಒರೆಸುತ್ತ ಹೋದೆ.

ಹಂಗಾಮು ಶುರುವಾಯಿತು. ಮೊದಮೊದಲು ಗಾಡಿಯವರು ನಕ್ಕರು. ವಾರ ಕಳೆಯುವಷ್ಟರಲ್ಲಿ ನಮ್ಮ ಅಂಗಳದ ಮುಂದೆ ಗಾಡಿ ನಿಲ್ಲಿಸಿ, 'ಕಾಕು, ನಮ್ಮ ಜೋಡಿಗೂ ಒಂದೊಂದ ಹೊಲದ ಕೊಡ್ರಿ,' ಎನ್ನತೊಡಗಿದರು. ಈಗ ಕಾರ್ಖಾನೆಯ ರಸ್ತೆಯಲ್ಲಿ ನೀಲಿ ತಾಡಪತ್ರಿಯ ಗಾದಿ ಹಾಕಿಕೊಂಡ ಎತ್ತುಗಳು ಸಾಲಾಗಿ ಹೋಗುವುದನ್ನು ಕಂಡರೆ, ಗೊತ್ತಿಲ್ಲದವರನ್ನೂ ತಡೆದು ನಿಲ್ಲಿಸಿ 'ಅದು ನಮ್ಮ ಕಾಕು ಹೊಲದದ್ರಿ' ಎಂದು ಹೇಳುತ್ತೇನೆ.

ಹೋದ ರವಿವಾರವೂ ಒಂದು ಗಾದಿ ಮುಗಿಸಿ, ಎಡ ಹೆಗಲಿಗೆ ಹಾಕಿಕೊಂಡು ಕಾಕು ಅಂಗಳದಲ್ಲಿ ನಡೆದಳು. ನಾನು ಎಂದಿನಂತೆ, 'ಎತ್ತಿನ ಅಳತಿ ನಿನ್ನ ಹೆಗಲಿಗೇನ ಗೊತ್ತು ಕಾಕು?' ಎಂದು ಕೆಣಕಿದೆ.

ದಿನಕ್ಕೆ ನಾಲ್ಕು ಮಾತೂ ಆಡದ ಕಾಕಾ ಕಟ್ಟೆಯ ಮೇಲಿಂದ ಅಂದರು, 'ಆಕಿಗೆ ಗೊತ್ತೈತಿ. ನಿನ್ನ ಬೋರ್ಡಿಂಗಿನ ಫೀ ತುಂಬಾಕ ಬಲಗಡಿ ಎತ್ತು ಮಾರಿದ್ವಿ. ಆ ವರ್ಷ ಹೊಲದಾಗ ಕಸ ತಗಿಯಾಕ ಎಡಿ ಹೊಡಿಯೂ ಮುಂದ ನೊಗದ ಆ ಕಡಿ ನಿಂತಾಕಿ ಆಕಿನ.'

ಗಾದಿ ತೆಗೆಯುವಾಗ ಸೆರಗು ಸರಿಯಿತು. ಅವಳ ಎಡ ಹೆಗಲ ಮೇಲೆ ಹೆಬ್ಬೆರಳಗಲದ ಒಂದು ಕಪ್ಪು ಗುರುತು ಇತ್ತು. ಇಷ್ಟು ವರ್ಷ ಅವಳ ಕೈಯ ಅನ್ನ ಉಂಡ ನಾನು ಅದನ್ನು ನೋಡಿರಲಿಲ್ಲ.

ಕಾಕು ಸೆರಗು ಸರಿಮಾಡಿಕೊಂಡು, ಕಾಕಾನ ಕಡೆ ಸಿಟ್ಟಿನಿಂದ ನೋಡಿ, ನನ್ನ ಕೈಗೆ ಗಾದಿ ಕೊಟ್ಟಳು.

'ಅದ್ರಾಗೇನೈತಿ? ನಾನರ ಸೀರಿ ಮಡಚಿ ಹೆಗಲಿಗೆ ಹಾಕ್ಕೊಂಡಿದ್ನಿ. ಬಾಜೂಕಿನ ಎತ್ತು ನನ್ನ ಪಾಲಿಂದೂ ತಾನ ಎಳೀತು. ಅದರ ಹೆಗಲಿಗೆ ಹಾಕಾಕ ಆವಾಗ ನನ್ನ ಕಡೆ ಏನೂ ಇದ್ದಿಲ್ಲ.'