ಅತ್ತಿಗೆ ತೆಗೆದ ಮೂಕಿ ಚಿತ್ರ

ನಮ್ಮ ಅತ್ತಿಗೆ ಜರ್ಸಿ ಸಿಟಿಯಲ್ಲಿ ಹಾಡಹಗಲೇ ಗಂಡನನ್ನು ಮಾಯ ಮಾಡಿದವರು. ಪೊಲೀಸರು ಬರಲಿಲ್ಲ, ಬಂದದ್ದು ಕನ್ನಡ ಸಂಘದ ಕಾರ್ಯದರ್ಶಿ.

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆಂದು ಅಣ್ಣನೂ ನಾನೂ ಶನಿವಾರವೂ ಆಫೀಸಿಗೆ ಓಡುತ್ತಿದ್ದ ಕಾಲ ಅದು. ಅತ್ತಿಗೆಯ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಹಾಗಾಗಿ ಎದುರುಮನೆಯ ಆಫ್ರಿಕನ್ ಅಮೆರಿಕನ್ ಅಜ್ಜಿಯ ಜೊತೆ ಲೈಬ್ರರಿಗೆ ಹೋಗಿ ಪುಕ್ಕಟೆ ಮೂಕಿ ಚಿತ್ರ ನೋಡುತ್ತಿದ್ದರು. ಅಜ್ಜಿ ಬಸ್ ಓಡಿಸಿ ನಿವೃತ್ತರಾದವರು.

ಒಂದು ದಿನ ತೆರೆಯ ಮೇಲೆ ಮಂತ್ರವಾದಿ ಕೋಲು ಬೀಸಿದ, ಮನೆಗೆಲಸದವಳು ಹೊಗೆಯಾದಳು. ಮತ್ತೆ ಬೀಸಿದ, ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯನೊಬ್ಬ ಕರಿಯ ಅಡುಗೆಯವನಾಗಿ ಬಂದು ಒದೆ ತಿಂದ. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಅತ್ತಿಗೆ ಎದ್ದು ನಿಂತು ಕನ್ನಡದಲ್ಲೇ ತಗಾದೆ ತೆಗೆದರು: "ಯಾವಾಗ್ಲೂ ಕೋಲು ಅವನ ಕೈಲೇ ಯಾಕಿರಬೇಕು?" ಮೂಕಿ ಚಿತ್ರ ಏನು ಉತ್ತರ ಕೊಟ್ಟೀತು?

ಮನೆಗೆ ಬಂದವರೇ ಅಣ್ಣನ ವಿಡಿಯೋ ಕ್ಯಾಮೆರಾ ಕಿತ್ತುಕೊಂಡರು. ಅಜ್ಜಿಗೆ ರೇಷ್ಮೆ ಸೀರೆ ಉಡಿಸಿ, ಕೈಗೆ ಲಟ್ಟಣಿಗೆ ಕೊಟ್ಟು ಮಂತ್ರವಾದಿನಿ ಮಾಡಿದರು. ಟೈ ಕಟ್ಟಿಕೊಂಡು ಎಲ್ಲರನ್ನೂ ಗದರುವ ಯಜಮಾನ, ನಮ್ಮಣ್ಣ. ಅಜ್ಜಿ ಲಟ್ಟಣಿಗೆ ಬೀಸಿದೊಡನೆ ಕ್ಯಾಮೆರಾ ನಿಲ್ಲಿಸಿ, ಅವನನ್ನು ಬಾತ್‌ರೂಮಿಗೆ ಅಟ್ಟಿ, ಕುರ್ಚಿಯ ಮೇಲೆ ಬದನೆಕಾಯಿ ಇಟ್ಟು ಮತ್ತೆ ಶುರು ಮಾಡಿದರು.

"ಆಫೀಸಲ್ಲಿ ನಾನು ಟೀಮ್ ಲೀಡ್ ಕಣೇ," ಎಂದ ಅಣ್ಣ ಒಳಗಿನಿಂದ.

"ಇಲ್ಲಿ ಬದನೆಕಾಯಿ ಕಣ್ರೀ. ಹೊರಗೆ ಬರಬೇಡಿ."

ದೀಪಾವಳಿ ಕಾರ್ಯಕ್ರಮಕ್ಕೆ ಅದನ್ನು ಹಾಕಿಸಬೇಕೆಂದು ಅತ್ತಿಗೆಗೆ ಬಹಳ ಆಸೆ. ಟೇಪು ನೋಡಲು ಬಂದ ಕಾರ್ಯದರ್ಶಿ ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಗಂಟಲು ಸರಿಮಾಡಿಕೊಂಡರು.

"ಸೂಪರ್ ಮೇಡಂ. ಆದ್ರೆ ಆ ಲೇಡಿ ಬೇಡ, ನಮ್ಮ ಜನಕ್ಕೆ ಕನೆಕ್ಟ್ ಆಗಲ್ಲ. ನಮ್ಮೋರಿಗೇ ಯಾರಿಗಾದ್ರೂ ಕಪ್ಪು ಮೇಕಪ್ ಹಾಕಿ. ಕಾಮಿಡಿ ಇನ್ನೂ ಚೆನ್ನಾಗಿ ಬರುತ್ತೆ."

"ಅವರಿದ್ರೆ ಸಿನಿಮಾ, ಇಲ್ದಿದ್ರೆ ಇಲ್ಲ," ಎಂದರು ಅತ್ತಿಗೆ. "ಕಾಫಿ ಕುಡಿದು ಹೊರಡಿ."

ಮರುದಿನವೇ ನಮ್ಮ ಟಿವಿಯನ್ನು ಕೆಳಗಿನ ಲಾಂಡ್ರಿ ರೂಮಿಗೆ ನನ್ನಿಂದಲೇ ಹೊರಿಸಿದರು. ಬಟ್ಟೆ ಒಗೆಯಲು ಬಂದವರೇ ಪ್ರೇಕ್ಷಕರು. ಅಣ್ಣ ಮಾಯವಾದಾಗ ಎದ್ದ ನಗುವಿನಲ್ಲಿ ಮೆಷಿನ್ನುಗಳ ಗದ್ದಲ ಕೇಳಿಸಲಿಲ್ಲ.

ಎಲ್ಲರೂ ಹೋದ ಮೇಲೆ ಅಜ್ಜಿ, "ಒನ್ ಮೋರ್ ಟೈಮ್, ಹನಿ," ಎಂದರು. ಟೇಪು ಮತ್ತೆ ಓಡಿತು. ತಮ್ಮ ತಾಯಿ ಬಿಳಿಯರ ಮನೆಯಲ್ಲಿ ಅಡುಗೆಗಿದ್ದಳೆಂದೂ, ಮಸಿ ಬಳಿದವರು ಒದೆ ತಿನ್ನುವ ಅಂಥ ಸಿನಿಮಾ ನೋಡಿ ಬಂದ ರಾತ್ರಿಗಳಲ್ಲಿ ಯಾರೊಡನೆಯೂ ಮಾತಾಡುತ್ತಿರಲಿಲ್ಲವೆಂದೂ ಮೆಲ್ಲಗೆ ಹೇಳಿದರು.

ಅತ್ತಿಗೆಗೆ ಆ ಇಂಗ್ಲಿಷ್ ಎಷ್ಟು ತಿಳಿಯಿತೋ. ಅಜ್ಜಿಯ ಕೈ ಹಿಡಿದು, "ಬನ್ನಿ, ಅನ್ನ ಬಿಸಿಯಾಗಿದೆ," ಎಂದರು. ಅಜ್ಜಿ ಕಣ್ಣೊರೆಸಿಕೊಂಡು ಎದ್ದು, ಅವರ ಹಿಂದೆಯೇ ಮೆಟ್ಟಿಲು ಹತ್ತಿದರು.